ಮುತ್ತಜ್ಜನ ಜೋಡುನಳಿಗೆ ಕೋವಿ: ಹಿಡಿಯ ಕತ್ತು ಸೀಳಿದೆ, ರಿಪೇರಿ ಹೇಗೆ?

ಕಾವೇರಿತೀರ (ಜುಲೈ 6)

ಎಲ್ರಿಗೂ ನಮಸ್ಕಾರ. ನಮ್ದು ವಿರಾಜಪೇಟೆ ಕಡೆ, ಮನೇಲಿ ಮುತ್ತಜ್ಜನ ಕಾಲದ ಒಂದು ಜೋಡುನಳಿಗೆ ಕೋವಿ ಇದೆ, 12 ಬೋರು, ಕುದುರೆ (ತೋಟೆಗೆ ಬಡಿಯೋ ಸುತ್ತಿಗೆ) ಎರಡೂ ಹೊರಗಡೆ ಇರೋ ಹಳೇ ಥರದ್ದು. ಐನ್‌ಮನೇಲಿ, ಅಂದ್ರೆ ಕುಟುಂಬದ ಮೂಲಮನೇಲಿ ಇದ್ದಾಗ ಒಲೆ ಹೊಗೆ ತಾಗೋ ಗೋಡೆ ಮೇಲೆ ಇರ್ತಿತ್ತು. ಏಳೆಂಟು ವರ್ಷದ ಹಿಂದೆ ಹೊಸ ಮನೆಗೆ ತಂದ್ವಿ, ಅಲ್ಲಿಂದ ಕಬ್ಬಿಣದ ಬೀರುವಿನೊಳಗೆ ನಿಲ್ಲಿಸಿಟ್ಟಿದ್ವಿ. ಮೊನ್ನೆ ಅಪ್ಪ ಒರೆಸೋಕೆ ಅಂತ ತೆಗೆದಾಗ ಕೈಜಾರಿ ಬಿತ್ತು, ಬಿದ್ದಿದ್ದು ಹೆಚ್ಚು ಎತ್ತರದಿಂದ ಏನಲ್ಲ, ಮಂಚದ ಮೇಲಿಂದ ನೆಲಕ್ಕೆ ಅಷ್ಟೆ. ಆದ್ರೆ ಕೈ ಹಿಡಿಯೋ ಜಾಗ ಇದೆಯಲ್ಲ, ಆ ಕತ್ತಿನ ಹತ್ರ ಉದ್ದಕ್ಕೆ ಸೀಳಿಬಿಟ್ಟಿದೆ. ನಳಿಗೆ ಕಡೆಯ ಕಬ್ಬಿಣ ಮರದೊಳಕ್ಕೆ ಬಾಲದ ಥರ ಚಾಚಿಕೊಂಡಿದೆಯಲ್ಲ, ಆ ಬಾಲದ ಹಿಂದಿನಿಂದ ಶುರುವಾಗಿ ಸುಮಾರು ಮೂರೂವರೆ ಇಂಚು ಬಿರುಕು. ಹೆಬ್ಬೆರಳಲ್ಲಿ ಒತ್ತಿದ್ರೆ ಬಾಯಿ ಬಿಡುತ್ತೆ. ಭುಜಕ್ಕೆ ಒರಗಿಸೋ ತುದೀಲಿ ಕೆಳಗಡೆ ಒಂದು ಚಕ್ಕೆನೂ ಹಾರಿದೆ, ಆ ಚಕ್ಕೆ ಸಿಕ್ಕಿಲ್ಲ.

ಅಪ್ಪ ಅವತ್ತಿಂದ ಸರಿಯಾಗಿ ಊಟ ಮಾಡಿಲ್ಲ. ಸೆಪ್ಟೆಂಬರ್ 3ಕ್ಕೆ ಕೈಲ್‌ಪೋದ್, ನಮ್ಮ ಆಯುಧ ಪೂಜೆ ಹಬ್ಬ, ಅಷ್ಟರೊಳಗೆ ಪೂಜೆಗೆ ಇಡೋ ಹಾಗೆ ಆಗ್ಬೇಕು ಅನ್ನೋದು ನನ್ನಾಸೆ. ಊರಲ್ಲಿ ಒಬ್ರು ಫೆವಿಕ್ವಿಕ್ ಬಿಟ್ಟು ಬಿಗಿಯಾಗಿ ಕಟ್ಟಿ ಅಂದ್ರು, ಇನ್ನೊಬ್ರು ಹಳೇದು ಬಿಸಾಕಿ ಬೀಟೆಯಲ್ಲಿ ಹೊಸ ಹಿಡಿ ಮಾಡಿಸಿ ಅಂದ್ರು. ಎರಡಕ್ಕೂ ಮನಸ್ಸು ಒಪ್ತಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಬಾಳೆಹೊನ್ನೂರ್‌ಹುಡುಗ

ಅಕ್ಕ ಫೆವಿಕ್ವಿಕ್ ಮಾತ್ರ ಬೇಡ. ನಮ್ಮ ಕೋವಿಗೆ ಹಾಗೇ ಮಾಡಿದ್ವಿ, ನೋಡೋಕೆ ಚೆನ್ನಾಗೇ ಕೂತಿತ್ತು, ಹಂದಿ ಓಡಿಸೋಕೆ ಗಾಳಿಗೆ ಒಂದೇ ಒಂದು ಈಡು ಹೊಡೆದ್ವಿ, ಗಾಜು ಒಡೆದ ಹಾಗೆ ಟಪ್ ಅಂತ ಬಿಟ್ಟುಕೊಳ್ತು. ಆಮೇಲೆ ಆ ಗಟ್ಟಿಯಾದ ಅಂಟನ್ನ ಬಿರುಕಿನ ಒಳಗಿಂದ ತೆಗೆಯೋದೇ ದೊಡ್ಡ ಕೆಲಸ ಆಯ್ತು, ಬೇರೆ ಅಂಟು ಅದರ ಮೇಲೆ ಹಿಡಿಯಲ್ಲ. ಈಗೇನೂ ಹಾಕದೆ ಹಾಗೇ ಇಡಿ, ಗೊತ್ತಿರೋರು ಬರೋವರೆಗೂ.

ಮರದಮಾತು

ಅಮ್ಮಾ, ನಾನು ಶಿರಸಿ ಕಡೆ ಹಳೇ ಪೀಠೋಪಕರಣ ರಿಪೇರಿ ಮಾಡೋನು, ನಲವತ್ತು ವರ್ಷದ ಮೇಲಾಯ್ತು, ನಮ್ಮಪ್ಪನೂ ಇದೇ ಕೆಲಸ. ಲೈಸೆನ್ಸ್ ಇರೋ ಒಬ್ಬ ಕೋವಿ ರಿಪೇರಿಯವರ ಅಂಗಡೀಲಿ ಮರದ ಕೆಲಸಕ್ಕೆ ಎಷ್ಟೋ ವರ್ಷ ಹೋಗ್ತಿದ್ದೆ, ಆ ಅನುಭವದಲ್ಲಿ ಹೇಳ್ತೀನಿ.

ಮೊದಲನೇದು ಹೊಸ ಹಿಡಿ ಮಾಡಿಸೋ ಮಾತು ಬಿಟ್ಟುಬಿಡಿ. ಇಂಗ್ಲಿಷ್ ಕೋವಿಗಳಿಗೆ ಹಾಕ್ತಿದ್ದಿದ್ದು ಅಕ್ರೋಟು ಮರ, ವಾಲ್‌ನಟ್ಟು. ತೂಕ ಕಮ್ಮಿ, ಹೊಡೆತ ತಾಳುತ್ತೆ, ಉಳಿಗೆ ಬೆಣ್ಣೆ ಥರ ಸಿಗುತ್ತೆ, ಹವಾಮಾನ ಬದಲಾದ್ರೂ ಜಾಸ್ತಿ ಸೊಟ್ಟಗಾಗಲ್ಲ. ಬೀಟೆ ಒಳ್ಳೇ ಮರ ಹೌದು ಆದ್ರೆ ಭಾರ, ಹಿಡಿ ಭಾರ ಆದ್ರೆ ಕೋವಿ ತೂಕ ಹಿಂದಕ್ಕೆ ಎಳೆಯುತ್ತೆ, ಎತ್ತಿದ ಕೂಡಲೇ ಗೊತ್ತಾಗುತ್ತೆ ಇದು ನಮ್ಮ ಕೋವಿ ಅಲ್ಲ ಅಂತ. ಕತ್ತು ಸೀಳಿರೋದು ಇಂಥ ಕೋವಿಗಳಲ್ಲಿ ಬಹಳ ಸಾಮಾನ್ಯ, ಸರಿ ಮಾಡಬಹುದು.

ಆದ್ರೆ ಒಂದು ಪ್ರಶ್ನೆ. ಮಂಚದಿಂದ ಬಿದ್ದಿದ್ದಕ್ಕೆ ಒಳ್ಳೇ ಅಕ್ರೋಟು ಮೂರೂವರೆ ಇಂಚು ಸೀಳಲ್ಲ. ಅದು ಮೊದಲೇ ಸೀಳಿತ್ತು, ಬಿದ್ದಾಗ ನಿಮಗೆ ಕಾಣಿಸ್ತು ಅಷ್ಟೆ. ಬಿರುಕಿನ ಒಳಗೆ ಬಣ್ಣ ಹೇಗಿದೆ? ತಾಜಾ ಮರದ ಬಣ್ಣವೋ ಇಲ್ಲ ಕಪ್ಪೋ? ಬೀರುವಲ್ಲಿ ನಿಲ್ಲಿಸಿದಾಗ ನಳಿಗೆ ಮೇಲಿತ್ತಾ ಕೆಳಗಿತ್ತಾ? ಕಬ್ಬಿಣ ಮರ ಸೇರೋ ಜಾಗದ ಫೋಟೋ ಹಾಕಿ, ಎರಡೂ ಕಡೆಯಿಂದ, ಬೆಳಕಲ್ಲಿ.

ಕಾವೇರಿತೀರ

ಧನ್ಯವಾದ ಸರ್. ಟಾರ್ಚ್ ಹಿಡಿದು ನೋಡಿದೆ. ಹಿಂದಿನ ಒಂದಿಂಚು ಮಾತ್ರ ತಿಳಿ ಕಂದು, ಮುಂದಿನದ್ದೆಲ್ಲ ಕಪ್ಪು, ಒತ್ತಿದ್ರೆ ಬಿರುಕಿನ ಉದ್ದಕ್ಕೂ ಸಣ್ಣ ಸಣ್ಣ ಎಣ್ಣೆ ಗುಳ್ಳೆ ಬರುತ್ತೆ. ಬೀರುವಲ್ಲಿ ನಳಿಗೆ ಮೇಲೇ ಮಾಡಿ ನಿಲ್ಲಿಸ್ತಿದ್ದಿದ್ದು. ಅಪ್ಪ ಪ್ರತಿ ವರ್ಷ ಕೈಲ್‌ಪೋದ್‌ಗೆ ಧಾರಾಳವಾಗಿ ಎಣ್ಣೆ ಬಿಡ್ತಾರೆ, ತುಕ್ಕು ಹಿಡೀಬಾರ್ದು ಅಂತ. ಫೋಟೋ ಹಾಕಿದೀನಿ. ಲಾಕಿನ (ಕುದುರೆ ನಡೆಸೋ ಯಂತ್ರದ) ತಗಡು ಕುದುರೆಯಿಂದ ಹಿಂದಕ್ಕೆ, ಕತ್ತಿನ ಕಡೆಗೇ ಹೋಗಿದೆ, ಮುಂದಕ್ಕಲ್ಲ.

ಮರದಮಾತು

ಅಂದುಕೊಂಡ ಹಾಗೇ ಇದೆ. ಇದಕ್ಕೆ ಬ್ಯಾಕ್ ಆಕ್ಷನ್ ಲಾಕು ಅಂತಾರೆ. ಲಾಕು ಕೂರೋಕೆ ಅಂತ ಕತ್ತಿನ ಎರಡೂ ಬದಿ ಮರ ಕೊರೆದು ತೆಗೆದಿರ್ತಾರೆ, ಕತ್ತು ಮೊದಲೇ ಸಣ್ಣದು, ಒಳಗೆ ಟೊಳ್ಳು. ಅದರ ಮೇಲೆ ನೂರು ವರ್ಷದ ಎಣ್ಣೆ. ನಳಿಗೆ ಮೇಲೆ ಮಾಡಿ ನಿಲ್ಲಿಸಿದ್ರೆ ಬಿಟ್ಟ ಎಣ್ಣೆಯೆಲ್ಲ ನಿಧಾನಕ್ಕೆ ಇಳಿದು ಬಂದು ಮರದ ತಲೆಗೆ, ಅಂದ್ರೆ ಕಬ್ಬಿಣ ಒರಗೋ ಮುಂದಿನ ತುದಿಗೆ ಸೇರುತ್ತೆ. ಎಣ್ಣೆ ಕುಡಿದ ಅಕ್ರೋಟು ಮೆತ್ತಗಾಗುತ್ತೆ, ನೆನೆಸಿದ ರಟ್ಟಿನ ಹಾಗೆ. ಆಗ ಏನಾಗುತ್ತೆ ಅಂದ್ರೆ ಪ್ರತಿ ಈಡಿಗೂ ಕಬ್ಬಿಣ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಜರುಗುತ್ತೆ, ಅಗಲವಾಗಿ ತಲೆ ಮೇಲೆ ಬೀಳಬೇಕಾದ ಹೊಡೆತ ಆ ಕಬ್ಬಿಣದ ಬಾಲದ ತುದಿಗೆ ಬೀಳುತ್ತೆ. ಬಾಲ ಅನ್ನೋದು ಸೌದೆ ಸೀಳೋ ಬೆಣೆ ಥರ ಕೆಲಸ ಮಾಡುತ್ತೆ. ನಿಮ್ಮ ಅಪ್ಪನ ಕೈಜಾರಿದ್ದು ಕಾರಣ ಅಲ್ಲಮ್ಮ, ಅವರಿಗೆ ಹೇಳಿ.

ಕಾವೇರಿತೀರ

ಈ ಕೊನೇ ಸಾಲು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದ್ರು.

ಬರ್ಮಿಂಗ್‌ಹ್ಯಾಮ್‌ಕನ್ನಡಿಗ

ಫೋಟೋ ನೋಡಿ ಬಂದೆ. ನಾನಿರೋ ಊರಲ್ಲೇ ಇಂಥ ಕೋವಿಗಳು ಸಾವಿರಗಟ್ಟಲೆ ತಯಾರಾಗ್ತಿದ್ದಿದ್ದು, ಹಳೇ ಕೋವಿಗಳ ಗುರುತು ಓದೋದು ನನಗೆ ಹುಚ್ಚು. ಇಲ್ಲಿನ ಪ್ರೂಫ್ ಹೌಸ್ 1813ರಲ್ಲಿ ಶುರುವಾಗಿದ್ದು, ಪ್ರತಿ ನಳಿಗೆನೂ ಅಲ್ಲಿ ಹೆಚ್ಚು ಮದ್ದು ಹಾಕಿ ಪರೀಕ್ಷೆ ಮಾಡಿ ಮುದ್ರೆ ಒತ್ತಬೇಕು. ನಳಿಗೆ ಬಿಚ್ಚಿ ಕೆಳಭಾಗದಲ್ಲಿ ಏನೇನು ಮುದ್ರೆ ಇದೆ ನೋಡ್ತೀರಾ? ಅಕ್ಷರ ಏನಾದ್ರೂ ಇದ್ರೆ ಹಾಗೇ ಬರೀರಿ. ಮರಕ್ಕಿಂತ ಮೊದಲು ಇದು ಗೊತ್ತಾಗ್ಬೇಕು.

ಕಾವೇರಿತೀರ

ಎರಡೂ ನಳಿಗೆ ಕೆಳಗೆ ಕಿರೀಟದ ಥರ ಇದೆ, 12 ಅಂತ ಇದೆ, ಎಡಗಡೆ ನಳಿಗೆಗೆ "ನಾಟ್ ಫಾರ್ ಬಾಲ್" ಅಂತ ಸಣ್ಣಕ್ಷರದಲ್ಲಿ. ನಳಿಗೆ ಮೇಲೆ ಹಾವಿನ ಚರ್ಮದ ಥರ ಸುರುಳಿ ಸುರುಳಿ ಗೆರೆ ಕಾಣುತ್ತೆ, ಬಿಸಿಲಿಗೆ ಹಿಡಿದ್ರೆ. ತಯಾರಿಸಿದವರ ಹೆಸರು ಸವೆದು ಹೋಗಿದೆ.

ಬರ್ಮಿಂಗ್‌ಹ್ಯಾಮ್‌ಕನ್ನಡಿಗ

ಬಹಳ ಒಳ್ಳೇ ಗುರುತು ಸಿಕ್ತು. "ನಾಟ್ ಫಾರ್ ಬಾಲ್" ಅನ್ನೋ ಮುದ್ರೆ ಹಾಕ್ತಿದ್ದಿದ್ದು 1875ರಿಂದ 1887ರ ನಡುವೆ ಮಾತ್ರ. ನಳಿಗೆಯ ಬಾಯಿ ಸ್ವಲ್ಪ ಕಿರಿದು ಮಾಡಿದ್ರೆ, ಅಂದ್ರೆ ಚೋಕ್ ಇದ್ರೆ, ಇದರಲ್ಲಿ ಒಂಟಿ ಗುಂಡು ಹಾಕ್ಬೇಡಿ ಚರೆ ಮಾತ್ರ ಅಂತ ಎಚ್ಚರಿಕೆ. ಸುರುಳಿ ಗೆರೆ ಅಂದ್ರೆ ಡಮಾಸ್ಕಸ್ ನಳಿಗೆ, ಕಬ್ಬಿಣ ಉಕ್ಕಿನ ಪಟ್ಟಿಗಳನ್ನ ಹೆಣೆದು ಸುತ್ತಿ ಬೆಸೆದು ಮಾಡಿದ್ದು. ಹಾಗಾಗಿ ನಿಮ್ಮ ಕೋವಿಗೆ ಏನಿಲ್ಲ ಅಂದ್ರೂ 135 ವರ್ಷದ ಮೇಲಾಗಿದೆ.

ಇನ್ನೊಂದು ಮಾತು ದಯವಿಟ್ಟು ಮನೇಲಿ ಎಲ್ರಿಗೂ ಹೇಳಿ. ಆ ಕಾಲದ ಪ್ರೂಫ್, ಅಂದ್ರೆ ಆ ಪರೀಕ್ಷೆ, ಹಳೇ ಕಪ್ಪು ಮದ್ದಿಗೆ ಮಾತ್ರ. ಹೊಗೆ ಇಲ್ಲದ ಈಗಿನ ಮದ್ದಿಗೆ ಬೇರೆ ಪ್ರೂಫ್ ಇದೆ, ನೈಟ್ರೋ ಪ್ರೂಫ್ ಅಂತ, ಅದು ಆಮೇಲೆ ಬಂದಿದ್ದು, 1904ರ ನಿಯಮದಿಂದೀಚೆಗೆ ಕಿರೀಟದ ಕೆಳಗೆ ಎನ್‌ಪಿ ಅಂತ ಇರುತ್ತೆ. ನಿಮ್ಮದರಲ್ಲಿ ಇಲ್ಲ. ಆಗಿನ ಕೋವಿಗಳ ತೋಟೆ ಕೂರೋ ಜಾಗನೂ ಸಾಮಾನ್ಯವಾಗಿ ಎರಡೂವರೆ ಇಂಚು, ಈಗ ಅಂಗಡೀಲಿ ಸಿಗೋದು ಹೆಚ್ಚಾಗಿ ಎರಡೂಮುಕ್ಕಾಲು ಇಂಚಿನದ್ದು. ಅದನ್ನ ತುರುಕಿದ್ರೆ ಕೂರುತ್ತೆ, ಅದೇ ಅಪಾಯ, ಹೊಡೆದಾಗ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಇಲ್ಲದೆ ಒತ್ತಡ ಏರುತ್ತೆ. ಹಿಡಿ ಎಷ್ಟು ಚೆನ್ನಾಗಿ ರಿಪೇರಿ ಆದ್ರೂ ಈಗಿನ ತೋಟೆ ಇದಕ್ಕೆ ಹಾಕ್ಲೇಬೇಡಿ.

ಕಾವೇರಿತೀರ

ಕೈ ನಡುಗ್ತು ಓದಿ. ಎರಡು ವರ್ಷದ ಹಿಂದೆ ತಮ್ಮನ ಮಗ ಹುಟ್ಟಿದಾಗ ಒಂದು ಈಡು ಹೊಡೆದಿದ್ದು ಇದರಲ್ಲೇ, ಅದೂ ಅಂಗಡಿ ತೋಟೆ. ದೇವರು ಕಾಪಾಡಿದ. ಅಪ್ಪ ಆಗಲೇ ತೀರ್ಮಾನ ಹೇಳಿಬಿಟ್ರು, ಇನ್ಮೇಲೆ ಹುಟ್ಟಿದ್ದಕ್ಕೆ ಒಂದು, ಸಾವಿಗೆ ಎರಡು, ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ಕೊಯ್ಯುವಾಗ, ಎಲ್ಲದಕ್ಕೂ ಚಿಕ್ಕಪ್ಪನ ಹೊಸ ಕೋವಿ. ಇದು ಪೂಜೆಗೆ, ಕೈಗೆತ್ತಿಕೊಳ್ಳೋಕೆ ಮಾತ್ರ.

ಹಳೇವಸ್ತು

ಇಷ್ಟು ಹೊತ್ತು ಓದ್ತಿದ್ದೆ, ಈಗ ಬರೀಲೇಬೇಕು ಅನ್ನಿಸ್ತು. ನಾನು ಮ್ಯೂಸಿಯಂ ವಸ್ತುಗಳ ಸಂರಕ್ಷಣೆ ಕೆಲಸ ಮಾಡೋಳು. ಕೋವಿ ಹೊಡೆಯಲ್ಲ ಅಂತಾದ್ಮೇಲೆ ಮುಂದೆ ಬಿಚ್ಚೋಕೆ ಆಗೋ ಅಂಟನ್ನೇ ಬಳಸಿ, ಪ್ರಾಣಿ ಚರ್ಮ ಕುದಿಸಿ ಮಾಡೋ ಹಳೇ ಅಂಟು. ಬಿಸಿನೀರು ಉಗಿಗೆ ಬಿಡುತ್ತೆ. ಅರಾಲ್ಡೈಟ್ ಥರದ ಎಪಾಕ್ಸಿ ಹಾಕಿದ್ರೆ ಶಾಶ್ವತ, ಐವತ್ತು ವರ್ಷದ ನಂತರ ಇನ್ನೊಳ್ಳೆ ವಿಧಾನ ಬಂದ್ರೂ ಯಾರೂ ಏನೂ ಮಾಡೋಕಾಗಲ್ಲ.

ಮರದಮಾತು

ಮೇಡಂ ನಿಮ್ಮ ಮಾತು ಕುರ್ಚಿಗೆ, ಪೆಟ್ಟಿಗೆಗೆ ನೂರಕ್ಕೆ ನೂರು ಒಪ್ತೀನಿ, ನಾನೂ ಅದೇ ಅಂಟು ಕುದಿಸೋನು. ಆದ್ರೆ ನೀರಲ್ಲಿ ಕದಡೋ ಅಂಟು ಎಣ್ಣೆ ಕುಡಿದ ಮರಕ್ಕೆ ಹಿಡಿಯಲ್ಲ. ಎಷ್ಟೇ ಎಣ್ಣೆ ತೆಗೆದ್ರೂ ಈ ಮರದಲ್ಲಿ ಸ್ವಲ್ಪ ಉಳಿದೇ ಉಳಿಯುತ್ತೆ. ಇನ್ನೊಂದು, ಹೊಡೆಯದೇ ಇದ್ರೂ ಕೋವಿ ಎತ್ತಿದಾಗೆಲ್ಲ ನಳಿಗೆ ಭಾರ ಪೂರ್ತಿ ಆ ಎರಡಿಂಚು ಕತ್ತಿನ ಮೇಲೇ. ಪೂಜೆ ದಿನ ಹತ್ತು ಜನ ಎತ್ತುತಾರೆ. ಕೊಡಗಿನ ಮಳೆಗಾಲದ ತೇವಕ್ಕೆ ಚರ್ಮದ ಅಂಟು ಸಡಿಲ ಆಗಿ, ಮಗು ಕೈಯಲ್ಲಿ ಇರುವಾಗ ಮುರಿದ್ರೆ?

ಹಳೇವಸ್ತು

ತೇವದ ವಿಚಾರ ಸರಿ. ಹಾಗಿದ್ರೆ ಒಂದು ಕೇಳಿಕೊಳ್ತೀನಿ, ಬಿರುಕಿನೊಳಗೆ ಮಾತ್ರ ಎಪಾಕ್ಸಿ ಇರ್ಲಿ, ಕಬ್ಬಿಣ ಮರದ ನಡುವೆ ಎಲ್ಲೂ ತುಂಬಬೇಡಿ. ಮೇಲ್ಮೈ ಉಜ್ಜಬೇಡಿ. ಆ ಕತ್ತಿನ ಮೇಲೆ ಬಂದಿರೋ ಕಪ್ಪು ಹೊಳಪು ಪಾಲಿಶ್ ಅಲ್ಲ, ನಾಲ್ಕು ತಲೆಮಾರಿನ ಅಂಗೈ.

ಮರದಮಾತು

ಒಪ್ಪಿದೆ. ಹೊಡೆಯೋ ಕೋವಿ ಆಗಿದ್ರೆ ಮೆತ್ತಗಾದ ತಲೆ ಭಾಗಕ್ಕೂ ತೆಳುವಾಗಿ ತುಂಬಿಸಿ ಕಬ್ಬಿಣ ಗಟ್ಟಿಯಾಗಿ ಒರಗೋ ಹಾಗೆ ಮಾಡ್ತಿದ್ದೆ. ಇದಕ್ಕೆ ಬೇಡ.

ಮಲ್ನಾಡ್‌ಮಳೆ

ಇದರ ನಡುವೆ ಕಾನೂನಿನ ವಿಚಾರ ಯಾರೂ ಹೇಳ್ಲಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು ಇರೋರಿಗೆ) ಕೋವಿ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನ 2029ರವರೆಗೂ ಮುಂದುವರಿಸ್ತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡೀತು, ಸರಿ. ಆದ್ರೆ ಅದು ಇಟ್ಟುಕೊಳ್ಳೋದಕ್ಕೆ, ಒಯ್ಯೋದಕ್ಕೆ. ಮಾರೋದು, ರಿಪೇರಿ ಅಂಗಡಿ ನಡೆಸೋದು 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಆಯುಧದ ಭಾಗಗಳನ್ನೂ ಆ ಕಾಯ್ದೆ ಆಯುಧ ಅಂತಲೇ ಲೆಕ್ಕ ಹಾಕುತ್ತೆ. ಮಾಮೂಲಿ ಆಚಾರಿ ಮನೇಲಿ ನಾಲ್ಕು ದಿನ ಇಟ್ಟು ಬಂದ್ರೆ ಪಾಪ ಅವರಿಗೆ ತೊಂದರೆ. ಲೈಸೆನ್ಸ್ ಇರೋ ರಿಪೇರಿಯವರ ಹತ್ರ ರಸೀದಿ ತಗೊಂಡು ಕೊಡಿ, ಇಲ್ಲಾಂದ್ರೆ ಮೊದಲು ಸ್ಟೇಷನ್ನಲ್ಲಿ ಕೇಳಿ.

ಕಾವೇರಿತೀರ

ಇದು ಒಳ್ಳೇದಾಯ್ತು ಹೇಳಿದ್ದು. ಲೈಸೆನ್ಸ್ ಇರೋ ಒಬ್ರು ಹಿರಿಯರು ಸಿಕ್ಕಿದಾರೆ, ಕಬ್ಬಿಣದ ಕೆಲಸ, ಬಿಚ್ಚೋದು ಜೋಡಿಸೋದು ಅವರೇ ಮಾಡ್ತಾರೆ. ಮರದ ಕೆಲಸಕ್ಕೆ ಈಗ ಅವರ ಕಣ್ಣು ಸಾಲಲ್ವಂತೆ, ಮರದಮಾತು ಸರ್ ಹೇಳಿಕೊಟ್ಟ ಹಾಗೆ ತಮ್ಮ ಅಂಗಡೀಲೇ ತಮ್ಮೆದುರೇ ಕೂತು ಮಾಡಿ ಅಂದ್ರು. ಸರ್ ಇನ್ನು ಹಂತ ಹಂತವಾಗಿ ಹೇಳಿ, ನಾನೇ ಮಾಡ್ತೀನಿ.

ಮರದಮಾತು (ಜುಲೈ 14)

ಸರಿ, ಗಮನ ಇಟ್ಟು ಓದಿ, ಆತುರ ಬೇಡ.

ಬಿಚ್ಚೋಕೆ ಮೊದಲು ನಳಿಗೆ ಕೆಳಕ್ಕೆ ಬಗ್ಗಿಸಿ ತೆರೆದು ಎರಡೂ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿನೂ ನೋಡಿ. ಹಳೇ ಇಂಗ್ಲಿಷ್ ತಿರುಪುಗಳ ಗೀಟು ಬಹಳ ಸಣ್ಣ, ಅಂಗಡಿ ಸ್ಕ್ರೂಡ್ರೈವರ್ ತುದಿ ದಪ್ಪ, ಜಾರಿದ್ರೆ ಗೀಟು ಹಾಳು, ಮರಕ್ಕೂ ಗಾಯ. ತುದೀನ ಕಲ್ಲಲ್ಲಿ ಉಜ್ಜಿ ಗೀಟಿಗೆ ಸರಿಯಾಗಿ ಕೂರೋ ಹಾಗೆ ಮಾಡ್ಕೊಳ್ಳಿ. ಬಿಚ್ಚಿದ ತಿರುಪನ್ನೆಲ್ಲ ಒಂದು ರಟ್ಟಿನ ಮೇಲೆ ಕೋವಿ ಚಿತ್ರ ಬರೆದು ಅದೇ ಅದೇ ಜಾಗಕ್ಕೆ ಚುಚ್ಚಿಡಿ, ಒಂದರ ತೂತಿಗೆ ಇನ್ನೊಂದು ಕೂರಲ್ಲ, ಕೈಯಲ್ಲಿ ಮಾಡಿದ್ದು. ಹಿಡಿದುಕೊಂಡ ತಿರುಪಿಗೆ ಇನ್ನಷ್ಟು ಎಣ್ಣೆ ಬಿಡಬೇಡಿ, ಬೆಸುಗೆ ಕಡ್ಡಿ ಬಿಸಿ ಮಾಡಿ ತಲೆ ಮೇಲೆ ಒಂದೆರಡು ನಿಮಿಷ ಇಟ್ರೆ ಸಡಿಲ ಆಗುತ್ತೆ.

ಆಮೇಲೆ ಎಣ್ಣೆ ತೆಗೆಯೋದು, ಇದೇ ದೊಡ್ಡ ಕೆಲಸ. ಪೇಂಟ್ ಅಂಗಡೀಲಿ ವೈಟಿಂಗ್ ಪೌಡರ್ ಅಂತ ಸಿಗುತ್ತೆ, ಪುಟ್ಟಿ ಮಾಡೋಕೆ ಬಳಸ್ತಾರಲ್ಲ ಅದು. ಅಸಿಟೋನ್ ಜೊತೆ ದೋಸೆಹಿಟ್ಟಿನ ಹದಕ್ಕೆ ಕಲಸಿ ಮರದ ತಲೆಗೆ, ಒಳಗಡೆ ಕೊರೆದ ಜಾಗಕ್ಕೆ, ಬಿರುಕಿನ ಬಾಯಿಗೆ ದಪ್ಪಗೆ ಮೆತ್ತಿ. ಅಸಿಟೋನ್ ಒಳಗೆ ಹೋಗಿ ಎಣ್ಣೆ ಕರಗಿಸುತ್ತೆ, ಆರುವಾಗ ಎಣ್ಣೆ ಹೊತ್ತುಕೊಂಡು ಹೊರಗೆ ಬರುತ್ತೆ, ಪುಡಿ ಅದನ್ನ ಕುಡಿಯುತ್ತೆ. ಒಣಗಿದ್ಮೇಲೆ ಬ್ರಷ್‌ನಲ್ಲಿ ಉದುರಿಸಿ ಮತ್ತೆ ಮೆತ್ತಿ. ಹತ್ತು ಸಲ ಆಗ್ಬಹುದು, ಇಪ್ಪತ್ತೂ ಆಗ್ಬಹುದು. ಹೊರಗಿನ ಹಳೇ ಹೊಳಪಿಗೆ ಅಸಿಟೋನ್ ತಾಗದ ಹಾಗೆ ನೋಡ್ಕೊಳ್ಳಿ, ಅದನ್ನೂ ಕರಗಿಸಿಬಿಡುತ್ತೆ. ಕಿಟಕಿ ಬಾಗಿಲು ತೆಗೆದಿಡಿ, ಒಲೆ, ದೀಪ, ಬೀಡಿ ಹತ್ತಿರ ಸುಳಿಯಬಾರದು.

ಬಾಳೆಹೊನ್ನೂರ್‌ಹುಡುಗ

ಸರ್ ವೈಟಿಂಗ್ ಸಿಗ್ಲಿಲ್ಲ ಅಂದ್ರೆ ಎಲೆಅಡಿಕೆ ಸುಣ್ಣ ಆಗಲ್ವಾ, ಅದೂ ಬಿಳೀನೇ?

ಮರದಮಾತು

ಖಂಡಿತ ಬೇಡಪ್ಪ. ತಿನ್ನೋ ಸುಣ್ಣ ಖಾರ, ಅಕ್ರೋಟು ಮರದೊಳಗೆ ಒಗರಿನ ಅಂಶ ಇರುತ್ತೆ, ಅದಕ್ಕೆ ಸುಣ್ಣ ತಾಗಿದ್ರೆ ಕಪ್ಪುಗಟ್ಟುತ್ತೆ, ಮತ್ತೆ ಹೋಗಲ್ಲ. ವೈಟಿಂಗ್ ಅಂದ್ರೆ ನುಣ್ಣಗೆ ಅರೆದ ಸೀಮೆಸುಣ್ಣದ ಕಲ್ಲು, ಅದು ಸೌಮ್ಯ. ಸಿಗದಿದ್ರೆ ಮಾಮೂಲಿ ಟಾಲ್ಕ್ ಪುಡಿ ಆಗುತ್ತೆ, ವಾಸನೆ ಹಾಕದೇ ಇರೋದು.

ಕಾವೇರಿತೀರ (ಜುಲೈ 27)

ಹದಿಮೂರು ದಿನ, ಹದಿನಾರು ಸಲ. ಮೊದಲ ಸಲ ಮೆತ್ತಿದ ಬಿಳಿ ಪೇಸ್ಟು ಮಾರನೇ ದಿನ ನೋಡಿದ್ರೆ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು. ಉದುರಿಸಿದ ಪುಡಿ ಬೆರಳಲ್ಲಿ ಹಿಸುಕಿದ್ರೆ ಉಂಡೆ ಆಗ್ತಿತ್ತು, ಅಷ್ಟು ಜಿಡ್ಡು. ಐದನೇ ಸಲದವರೆಗೂ ಏನೂ ಕಮ್ಮಿ ಆದಂಗೇ ಇರ್ಲಿಲ್ಲ, ಅಳು ಬಂತು. ಒಂಬತ್ತು ಹತ್ತನೇ ಸಲಕ್ಕೆ ಹಳದಿಗೆ ತಿರುಗ್ತು, ನಿನ್ನೆ ಮೆತ್ತಿದ್ದು ಇವತ್ತು ಬೆಳಿಗ್ಗೆ ಹೆಚ್ಚುಕಮ್ಮಿ ಬಿಳೀನೇ ಇದೆ. ಕಪ್ಪಾಗಿದ್ದ ಒಳಗಿನ ಮರದಲ್ಲಿ ಈಗ ನಾರು ಕಾಣ್ತಿದೆ, ಹೊಗೆ ಬಣ್ಣದ ಗೆರೆಗಳು, ಎಷ್ಟು ಚಂದ ಅಂದ್ರೆ ಅಪ್ಪನ್ನ ಅಂಗಡಿಗೆ ಕರ್ಕೊಂಡು ಹೋಗಿ ತೋರಿಸ್ದೆ. ಹಿಡಿಯ ತಲೆಯೊಳಗೆ ಯಾರೋ ಪೆನ್ಸಿಲ್‌ನಲ್ಲಿ ಬರೆದ ಅಂಕಿನೂ ಇತ್ತು ಎಣ್ಣೆಯಡಿ, 7 ಅಂತಲೋ 1 ಅಂತಲೋ. ಮಾಡಿದವರ ಕೈಬರಹ ಇರ್ಬೇಕು.

ಬರ್ಮಿಂಗ್‌ಹ್ಯಾಮ್‌ಕನ್ನಡಿಗ

ಆ ಅಂಕಿ ಅಳಿಸಬೇಡಿ ದಯವಿಟ್ಟು! ಫೋಟೋ ತೆಗೆದಿಡಿ. ಇಲ್ಲಿ ನಳಿಗೆ ಮಾಡೋರೊಬ್ರು, ಲಾಕ್ ಮಾಡೋರೊಬ್ರು, ಮರದ ಕೆಲಸದವರೇ ಬೇರೆ, ಹೆಸರು ಹಾಕ್ತಿದ್ದಿದ್ದು ಮಾತ್ರ ಮಾರೋರು. ಮರದವರ ಗುರುತು ಅಂತ ಉಳಿಯೋದು ಇಂಥ ಪೆನ್ಸಿಲ್ ಗೀಟೇ.

ಮರದಮಾತು

ಶಭಾಷ್ ಅಮ್ಮ. ಈಗ ಅಂಟು. ಅರಾಲ್ಡೈಟ್‌ನಲ್ಲಿ ಐದು ನಿಮಿಷದ್ದು ಬೇಡ, ಸ್ಟ್ಯಾಂಡರ್ಡ್ ತಗೊಳ್ಳಿ, ನಿಧಾನಕ್ಕೆ ಗಟ್ಟಿಯಾಗೋದು, ಕೆಲಸ ಮಾಡೋಕೆ ಸಮಯ ಸಿಗುತ್ತೆ, ಹಿಡಿತನೂ ಜಾಸ್ತಿ. ಎರಡೂ ಟ್ಯೂಬಿಂದ ಸಮ ಅಳತೆ ಹಿಂಡಿ ಎರಡು ನಿಮಿಷ ಪೂರ್ತಿ ಕಲಸಿ. ಹೇರ್ ಡ್ರೈಯರ್‌ನಲ್ಲಿ ಮರವನ್ನ ಕೈಗೆ ಬೆಚ್ಚಗೆ ಅನ್ನಿಸೋವಷ್ಟು ಕಾಯಿಸಿ. ಬೆಚ್ಚಗಿನ ಮರಕ್ಕೆ ತಾಗಿದ ಎಪಾಕ್ಸಿ ಜೇನಿನಿಂದ ನೀರಿನ ಹಾಗೆ ತೆಳುವಾಗುತ್ತೆ, ತಾನೇ ಒಳಗೆ ಹರಿಯುತ್ತೆ. ಬಿರುಕು ಸ್ವಲ್ಪ ಅಗಲಿಸಿ ಹಲ್ಲು ಕ್ಲೀನ್ ಮಾಡೋ ದಾರ ಬರುತ್ತಲ್ಲ, ಅದನ್ನ ಸೀಳಿನೊಳಗೆ ಹಿಂದೆ ಮುಂದೆ ಎಳೀತಾ ಅಂಟನ್ನ ತಳದವರೆಗೂ ಕಳಿಸಿ. ಇನ್ನೊಂದು ಬದಿಗೆ ವ್ಯಾಕ್ಯೂಮ್ ಕ್ಲೀನರ್ ಕೊಳವೆಗೆ ಬಟ್ಟೆ ಕಟ್ಟಿ ಹಿಡಿದ್ರೆ ಎಳೆದುಕೊಳ್ಳುತ್ತೆ, ಆ ಬದೀಲಿ ಅಂಟಿನ ಹನಿ ಕಂಡ್ರೆ ತುಂಬಿದೆ ಅಂತ ಅರ್ಥ.

ಹೊರಗೆ ಬಂದ ಅಂಟನ್ನ ಆಗಲೇ ಸ್ಪಿರಿಟ್ ಬಟ್ಟೇಲಿ ಒರೆಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸೈಕಲ್ ಟ್ಯೂಬ್ ಪಟ್ಟಿ ಎಳೆದೆಳೆದು ಸುತ್ತಿ. ದುಂಡಗಿರೋ ಕತ್ತಿಗೆ ಯಾವ ಕ್ಲಾಂಪೂ ಸರಿಯಾಗಿ ಕೂರಲ್ಲ, ಟ್ಯೂಬ್ ಎಲ್ಲ ಕಡೆಯಿಂದ ಸಮನಾಗಿ ಅಮುಕುತ್ತೆ. ಮಳೆಗಾಲದ ಚಳಿಗೆ ನಿಧಾನ ಆಗುತ್ತೆ, ಮೂರು ದಿನ ಮುಟ್ಟಬೇಡಿ.

ಆಮೇಲೆ ಒಂದು ಹಿತ್ತಾಳೆ ಕಡ್ಡಿ, 3 ಮಿಲಿಮೀಟರ್, ತಿರುಪಿನ ಮರೆ ಇರೋದು. ಕಬ್ಬಿಣ ಕೂರೋ ಜಾಗದ ಒಳಗಿಂದಲೇ, ಬಿರುಕಿಗೆ ಅಡ್ಡವಾಗಿ ಓರೆಗೆ ಕೈ ಡ್ರಿಲ್‌ನಲ್ಲಿ ತೂತು ಹಾಕಿ ಅಂಟು ಹಚ್ಚಿ ಕೂರಿಸಿ, ಹೊರಗೆ ಏನೂ ಕಾಣಲ್ಲ. ಲಾಕ್ ಕೊರೆದ ಜಾಗಕ್ಕೆ ತೂತು ಬಾರದ ಹಾಗೆ ಮೊದಲೇ ಅಳತೆ ಮಾಡಿ ಡ್ರಿಲ್ಲಿಗೆ ಟೇಪ್ ಸುತ್ತಿ ಗುರುತಿಟ್ಟುಕೊಳ್ಳಿ. ಈ ತೂತಿಗೆ ಮಾತ್ರ ಅಂಗಡಿ ಹಿರಿಯರನ್ನ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ.

ತೋಟದಮನೆ

ನಡುವೆ ಬರ್ತಿದೀನಿ ಕ್ಷಮಿಸಿ. ನಮ್ಮಲ್ಲಿರೋ ಕೇಪಿನ ಕೋವಿಗೆ (ಬಾಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡೆಯೋದು) ಕತ್ತಿನ ಸುತ್ತ ಹಿತ್ತಾಳೆ ಪಟ್ಟಿ ಬಡಿದಿದಾರೆ, ಸಣ್ಣ ಸಣ್ಣ ಮೊಳೆ ಹೊಡೆದು, ಅಜ್ಜನ ಅಪ್ಪ ಮಾಡಿಸಿದ್ದಂತೆ. ನೋಡೋಕೆ ಒರಟು. ಅದನ್ನ ತೆಗೆದು ಈ ಥರ ಚೆನ್ನಾಗಿ ಮಾಡಿಸಲಾ?

ಮರದಮಾತು

ಗಟ್ಟಿಯಾಗಿ ಹಿಡಿದಿದೆಯಾ? ಹಿಡಿದಿದ್ರೆ ತೆಗೀಬೇಡಿ. ಯಾರೋ ಒಬ್ಬ ಆಚಾರಿ ಕೂತು ತಗಡು ಕತ್ತರಿಸಿ ಆ ಕತ್ತಿಗೆ ಸರಿಯಾಗಿ ಬಗ್ಗಿಸಿ ಬಡಿದಿದಾನೆ, ಅದೂ ನಿಮ್ಮನೆ ಕಥೆನೇ. ತೆಗೆದ್ರೆ ಮೊಳೆ ತೂತೆಲ್ಲ ಉಳಿಯುತ್ತೆ.

ಹಳೇವಸ್ತು

ಇದಕ್ಕೆ ನನ್ನ ಪೂರ್ತಿ ಸಹಮತ.

ಕಾವೇರಿತೀರ (ಆಗಸ್ಟ್ 9)

ಕತ್ತು ಕೂಡಿದೆ! ಟ್ಯೂಬ್ ಬಿಚ್ಚುವಾಗ ಎದೆ ಹೊಡ್ಕೊಳ್ತಿತ್ತು. ಬೆರಳುಗುರು ಎಳೆದ್ರೆ ಸೀಳು ಸಿಗಲ್ಲ, ಬಿಸಿಲಿಗೆ ಓರೆ ಹಿಡಿದ್ರೆ ಮಾತ್ರ ಕೂದಲಷ್ಟು ಗೆರೆ. ಕಡ್ಡಿನೂ ಕೂರಿಸಿದ್ವಿ. ಈಗ ಜೋಡಿಸ್ಬಹುದಾ? ಚಕ್ಕೆ ಹಾರಿದ ಜಾಗಕ್ಕೆ ಏನು ಮಾಡ್ಲಿ?

ಮರದಮಾತು

ಜೋಡಿಸೋ ಮೊದಲು ಒಂದು ಪರೀಕ್ಷೆ. ಎಣ್ಣೆದೀಪದ ಮೇಲೆ ಕಬ್ಬಿಣದ ಭಾಗ ಹಿಡಿದು ಕಾಡಿಗೆ ಕಟ್ಟಿಸಿ, ಮರದಲ್ಲಿ ಕೂರಿಸಿ ತೆಗೀರಿ. ಎಲ್ಲಿ ಕರಿ ಅಂಟಿದೆಯೋ ಅಲ್ಲಿ ಕಬ್ಬಿಣ ಮರಕ್ಕೆ ತಾಗುತ್ತೆ. ತಲೆಯ ಎರಡೂ ಬದಿ ಅಂಟಬೇಕು, ಬಾಲದ ಹಿಂತುದೀಲಿ ಅಂಟಬಾರದು. ಅಲ್ಲಿ ಅಂಟಿದ್ರೆ ಸಣ್ಣ ಉಳೀಲಿ ಒಂದು ಪೋಸ್ಟ್‌ಕಾರ್ಡ್ ದಪ್ಪದಷ್ಟು ಕೆರೆದು ಸಂದು ಬಿಡಿ, ಬೆಣೆ ಕೆಲಸ ಅಲ್ಲಿಗೆ ನಿಲ್ಲುತ್ತೆ.

ಚಕ್ಕೆಗೆ ಅಕ್ರೋಟು ತುಂಡೇ ಬೇಕು, ಕಾಶ್ಮೀರಿ ವಾಲ್‌ನಟ್ ಕರಕುಶಲ ವಸ್ತು ಯಾವುದಾದ್ರೂ ಮುರಿದಿದ್ದು ಮನೇಲಿದ್ರೆ ಅದೇ ಸಾಕು. ಮುರಿದ ಜಾಗಾನ ಮೊದಲು ಚೊಕ್ಕವಾಗಿ ಸಪಾಟ ಮಾಡ್ಕೊಳ್ಳಿ, ತೇಪೆಯ ನಾರು ಹಿಡಿಯ ನಾರಿನ ದಿಕ್ಕಿಗೇ ಓಡಬೇಕು, ಅಡ್ಡ ಹಾಕಿದ್ರೆ ಎಷ್ಟು ಬಣ್ಣ ಕೊಟ್ರೂ ಬೇರೆಯಾಗೇ ಕಾಣುತ್ತೆ. ತೇಪೆ ಸ್ವಲ್ಪ ದೊಡ್ಡದಾಗೇ ಅಂಟಿಸಿ ಆಮೇಲೆ ಅರದಲ್ಲಿ ಇಳಿಸಿ, ಪಕ್ಕದ ಹಳೇ ಮರಕ್ಕೆ ಟೇಪ್ ಹಾಕಿಕೊಂಡು. ನೆಲಕ್ಕೆ ಬಿದ್ದು ಒಳಗೆ ಅಮುಕಿದ ಗುಳಿ ಇದ್ರೆ ಅದಕ್ಕೆ ತುಂಬಬೇಡಿ, ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ತುದಿ ಮುಟ್ಟಿಸಿ, ಉಗಿಗೆ ನಾರು ಉಬ್ಬಿ ಮೇಲೆ ಬರುತ್ತೆ.

ಬಣ್ಣಕ್ಕೆ ಗ್ರಂಧಿಗೆ ಅಂಗಡೀಲಿ ರತನ್‌ಜೋತ್ ಬೇರು ಕೇಳಿ. ಅಡುಗೆಗೆ ಕೆಂಪು ಬಣ್ಣ ಬರೋಕೆ ಹಾಕ್ತಾರಲ್ಲ, ಅದು. ಇಂಗ್ಲೆಂಡಿನ ಕೋವಿ ಮರದವರು ಬಳಸ್ತಿದ್ದ ಅಲ್ಕನೆಟ್ ಬೇರಿನ ನೆಂಟ. ನೀರಲ್ಲಿ ಬಣ್ಣ ಬಿಡಲ್ಲ, ಎಣ್ಣೇಲೇ ಬಿಡೋದು. ಪೇಂಟ್ ಅಂಗಡಿ ಬಾಯ್ಲ್ಡ್ ಲಿನ್ಸೀಡ್ ಆಯಿಲ್‌ನಲ್ಲಿ ಒಂದು ವಾರ ನೆನೆಸಿಡಿ, ಸೋಸಿ ತೇಪೆಗೆ, ಅಸಿಟೋನ್ ತಾಗಿ ಬಿಳಚಿದ ಅಂಚಿಗೆ ಮಾತ್ರ ಅಂಗೈಯಲ್ಲಿ ಒಂದೇ ಹನಿ ಹಾಕಿ ಬಿಸಿಯಾಗೋವರೆಗೂ ತಿಕ್ಕಿ, ದಿನಕ್ಕೊಂದು ಸಲ. ಜಾಸ್ತಿ ಹಚ್ಚಿದ್ರೆ ಅಂಟಂಟಾಗಿ ಉಳಿಯುತ್ತೆ. ಕೈ ಹಿಡಿಯೋ ಜಾಗದಲ್ಲಿ ಚೌಕುಳಿ ಗೀರು ಇದೆಯಲ್ಲ, ಅದರ ಮೇಲೆ ಬೇಡ, ಗೀರು ತುಂಬಿಕೊಳ್ಳುತ್ತೆ.

ಆ ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಲಿನ್ಸೀಡ್ ಒಣಗುವಾಗ ಬಿಸಿಯಾಗುತ್ತೆ, ಮುದ್ದೆ ಆಗಿದ್ರೆ ತಾನೇ ಹೊತ್ತಿಕೊಳ್ಳುತ್ತೆ. ನೀರಲ್ಲಿ ಅದ್ದಿ ಹೊರಗೆ ಬಿಡಿಸಿ ಹರಡಿ. ಇದು ಹೆದರಿಸೋಕೆ ಹೇಳ್ತಿಲ್ಲ, ನಮ್ಮ ಶೆಡ್ಡಿನ ಒಂದು ಗೋಡೆ ಇದರಿಂದಲೇ ಸುಟ್ಟಿದ್ದು.

ಕಾವೇರಿತೀರ (ಸೆಪ್ಟೆಂಬರ್ 4)

ನಿನ್ನೆ ಕೈಲ್‌ಪೋದ್ ಆಯ್ತು. ಬೆಳಿಗ್ಗೆ ಮಳೆ ಬಿಟ್ಟಿತ್ತು, ತಮ್ಮನ ಮಗನೂ ನಾನೂ ಬೇಲಿ ಹತ್ರ ಹೋಗಿ ತೋಕ್ ಪೂ, ಅಂದ್ರೆ ಕೋವಿಗೆ ಇಡೋ ಹೂ ತಂದ್ವಿ. ನೆಲ್ಲಕ್ಕಿಯಲ್ಲಿ (ಮನೆ ನಡುವಿನ ಹಜಾರದಲ್ಲಿ) ದೀಪದ ಮುಂದೆ ಚಿಕ್ಕಪ್ಪನ ಕೋವಿ, ಪೀಚೆಕತ್ತಿ, ಒಡಿಕತ್ತಿ, ನಡುವೆ ಇದು. ಅಪ್ಪ ಗಂಧ ಇಟ್ಟು ನಳಿಗೆ ಬಾಯಿಗೆ ಹೂ ಸಿಕ್ಕಿಸಿ, ಆಮೇಲೆ ಕೈಗೆತ್ತಿಕೊಂಡು ಕತ್ತಿನ ಮೇಲೆ ಹೆಬ್ಬೆರಳು ಓಡಿಸಿದ್ರು, ಹಿಂದಕ್ಕೆ ಮುಂದಕ್ಕೆ ಮೂರ್ನಾಲ್ಕು ಸಲ. "ಎಲ್ಲಿತ್ತು?" ಅಂತ ಕೇಳಿದ್ರು. ಕನ್ನಡಕ ಹಾಕ್ಕೊಂಡು ಕಿಟಕಿ ಹತ್ರ ಹೋಗಿ ನೋಡಿದ್ಮೇಲೇ ಅವರಿಗೆ ಗೆರೆ ಸಿಕ್ಕಿದ್ದು. ಕೆಳಗಿನ ತೇಪೆ ಮಾತ್ರ ಸ್ವಲ್ಪ ಎದ್ದು ಕಾಣುತ್ತೆ, ಅಮ್ಮನ ಹಳೇ ಕಾಶ್ಮೀರಿ ಆಭರಣದ ಪೆಟ್ಟಿಗೆ ಮುಚ್ಚಳದ ತುಂಡು ಅದು. ಹಾಗೇ ಇರ್ಲಿ ಅಂದ್ರು ಅಪ್ಪ. ಅಮ್ಮ ಹೋಗಿ ಆರು ವರ್ಷ ಆಯ್ತು.

ಬೀರುವಿನಲ್ಲಿ ಈಗ ನಳಿಗೆ ಕೆಳಗೆ ಮಾಡಿ, ಅಡಿಗೆ ದಪ್ಪ ಬಟ್ಟೆ ಮಡಿಸಿ ಇಟ್ಟಿದೀವಿ. ಎಣ್ಣೆ ಬಾಟ್ಲಿ ಅಪ್ಪನೇ ನನ್ನ ಕೈಗೆ ಕೊಟ್ರು. ಸರ್, ನಿಮ್ಮ ಪಾದಕ್ಕೆ ನಮಸ್ಕಾರ. ಎಲ್ರಿಗೂ.

ಮರದಮಾತು

ಒಳ್ಳೇದಾಗ್ಲಿ ಅಮ್ಮ. ಕಣ್ಣು ತುಂಬಿ ಬಂತು. ಬೀರುವೊಳಗೆ ತೇವ ಹೀರೋ ಸಿಲಿಕಾ ಚೀಲ ಇಡೋದಾದ್ರೆ ಮಳೆಗಾಲದಲ್ಲಿ ಮಾತ್ರ ಇಡಿ, ಬೇಸಿಗೇಲಿ ತೆಗೆದುಬಿಡಿ, ಮರ ಅತಿಯಾಗಿ ಒಣಗಿದ್ರೂ ಕುಗ್ಗುತ್ತೆ. ಮುಂದಿನ ವರ್ಷ ಇದೇ ಹೊತ್ತಿಗೆ ಆ ಗೆರೆ ಅಗಲ ಆಗಿದೆಯಾ ನೋಡಿ ಒಂದು ಸಾಲು ಬರೀರಿ.

ಸೋಮವಾರಪೇಟೆ77 (ಸೆಪ್ಟೆಂಬರ್ 11)

ಎಲ್ಲ ಓದಿದೆ. ನಮ್ಮನೆ ಕೋವಿಗೂ ಕಬ್ಬಿಣದ ಬಾಲದ ಹಿಂದೆ ಅರ್ಧ ಇಂಚಿನ ಗೆರೆ ಇದೆ, ಇಷ್ಟು ವರ್ಷ ಗೀರು ಅಂತ ಅಂದುಕೊಂಡಿದ್ವಿ. ಇವತ್ತು ಒತ್ತಿ ನೋಡಿದ್ರೆ ಎಣ್ಣೆ ಬರ್ತಿದೆ. ತಿರುಪು ಬಿಚ್ಚಿ ನೋಡ್ಲಾ?

ಮರದಮಾತು

ಬಿಚ್ಚಬೇಡಿ. ಇವತ್ತೇ ನಳಿಗೆ ಕೆಳಗೆ ಮಾಡಿ ಇಡಿ, ಈಡು ಹೊಡೆಯೋದು ನಿಲ್ಲಿಸಿ. ಅರ್ಧ ಇಂಚಲ್ಲಿ ಸಿಕ್ಕಿದೆ ಅಂದ್ರೆ ಪುಣ್ಯ. ಬೆಳಕಲ್ಲಿ ಎರಡೂ ಕಡೆ ಫೋಟೋ ತೆಗೆದು ಹಾಕಿ, ನಳಿಗೆ ಕೆಳಗಿನ ಮುದ್ರೆದೂ.